ದೇವರಿಲ್ಲದ ಕೂರಿಗೆ

ಉತ್ತರೆ ಮಳೆ ನಿಂತ ಮರುದಿನ ಬೆಳಿಗ್ಗೆ ನಾನು ಮಾಡಿದ ಕೆಲಸಗಳು ಇವು. ಮಾಳಿಗೆ ಸೋರಿ ಹಾಸಿಗೆಯ ಕಾಲ್ದೆಸೆ ನೆನೆದಿತ್ತು, ಅದನ್ನು ಬಿಸಿಲಿಗೆ ಹಾಕಿದೆ. ಒಲೆ ಹೊತ್ತಿಸಿ ಒಬ್ಬನಿಗಾಗುವಷ್ಟು ಚಹಾ ಕಾಸಿದೆ. ಕಂದೀಲಿನ ಗಾಜನ್ನು ಬೂದಿಯಿಂದ ತಿಕ್ಕಿದೆ. ಅಂಗಿಗೆ ಗುಂಡಿ ಹಚ್ಚಿದೆ. ಬೀಜದ ಚೀಲಗಳನ್ನು ತಂಪು ತಾಗದಂತೆ ಗೋಡೆಯಿಂದ ಒಂದು ಗೇಣು ಈಚೆ ಸರಿಸಿದೆ. ಕೊನೆಗೆ ಮಂಚದ ಕೆಳಗಿದ್ದ ಕೂರಿಗೆಯನ್ನು ಹೊರಗೆಳೆದು, ಅದರ ಕೊಳವೆಗಳಲ್ಲಿ ಜೇಡ ಕಟ್ಟಿದ ಬಲೆ ತೆಗೆದು, ಒರೆಸಿ, ಮತ್ತೆ ಒಳಗೆ ತಳ್ಳಿದೆ. ಈ ಕೊನೆಯ ಕೆಲಸವನ್ನು ನಾನು ವಾರಕ್ಕೊಮ್ಮೆ ಮಾಡುತ್ತಿದ್ದೆ. ಕೂರಿಗೆಯಿಂದ ಒಂದು ಕಾಳೂ ಭೂಮಿಗೆ ಬಿದ್ದಿರಲಿಲ್ಲ. ಜೇಡ ಮಾತ್ರ ತಪ್ಪದೆ ಬಂದು ಕೂಡುತ್ತಿತ್ತು.

ಅದು 1938ನೆಯ ಇಸವಿ. ನಿಜಾಮರ ಕಚೇರಿಯ ಫಸಲಿ ಲೆಕ್ಕದಲ್ಲಿ ಆಬಾನ್ ತಿಂಗಳು. ನಾನು ವ್ಯವಸಾಯ ಇಲಾಖೆಯ ಫೀಲ್ಡ್‌ಮನ್. ಯಲಬುರ್ಗಾ ತಾಲ್ಲೂಕು ನನ್ನ ಸರಹದ್ದು, ಆ ಹಂಗಾಮಿಗೆ ತಳಕಲ್ಲಿನಲ್ಲಿ ಕ್ಯಾಂಪು. ಫೀಲ್ಡ್‌ಮನ್ ಎಂದರೆ ಇಲಾಖೆಯ ಬೇಸಾಯದ ಫಾರಮ್ಮಿನಲ್ಲಿ ಓದಿದವರು ಕಂಡುಕೊಂಡದ್ದನ್ನು ಹಳ್ಳಿಗೆ ತಂದು, ಒಂದು ಹೊಲದಲ್ಲಿ ಮಾಡಿ ತೋರಿಸುವವನು. ಆ ಹೊಲಕ್ಕೆ ಡೆಮಾನ್‌ಸ್ಟ್ರೇಷನ್ ಪ್ಲಾಟು ಎಂದು ಹೆಸರು. ಗಂಗಾವತಿ ಕಡೆಯ ನೀರಾವರಿ ಊರುಗಳ ಪೋಸ್ಟಿಂಗು ಸಿಕ್ಕವರಿಗೆ ಭತ್ತದ ಗದ್ದೆಯೂ ಮಾತಿಗೆ ಜನವೂ ಇರುತ್ತಿದ್ದರು. ಕಪ್ಪು ಎರೆಭೂಮಿಯ ನಮ್ಮ ಕಡೆ ಹೆಚ್ಚಿನವರು ಇಷ್ಟಪಟ್ಟು ಬರುತ್ತಿರಲಿಲ್ಲ. ನಾನು ಬೇಡ ಅನ್ನಲಿಲ್ಲ. ಎರಡು ವರ್ಷದ ಹಿಂದೆ ನನ್ನ ಮನೆಯಾಕೆ ತೀರಿಕೊಂಡಿದ್ದಳು. ಎಲ್ಲಿದ್ದರೂ ಚಹಾ ಒಬ್ಬನಿಗೇ ಕಾಸಬೇಕಿತ್ತು.

ತಳಕಲ್ಲಿನಲ್ಲಿ ನನ್ನ ಕೋಣೆ ಎಣ್ಣೆಗಾಣದ ಸಿದ್ದಪ್ಪನ ಮನೆಗೆ ಒತ್ತಿಕೊಂಡಿತ್ತು. ಹಗಲೆಲ್ಲ ಗಾಣದ ಎತ್ತು ಸುತ್ತುವ ಸದ್ದು ಗೋಡೆಯಿಂದ ಬರುತ್ತಿತ್ತು. ಮಾತಾಡುವವರು ಇಲ್ಲದಾಗ ಅಂಥ ಸದ್ದೂ ಒಂದು ಜೊತೆ. ಅದು ನಿಂತರೆ ನಾನೂ ಕೈಯ ಕೆಲಸ ಬಿಟ್ಟು ಒಂದು ಗಳಿಗೆ ಕೇಳುತ್ತಿದ್ದೆ.

ಕೂರಿಗೆಯ ವಿಷಯ ಹೇಳಬೇಕು. ಬಿತ್ತುವ ಸಾಧನಕ್ಕೆ ಕೂರಿಗೆ ಎನ್ನುತ್ತಾರೆಂದು ಎಲ್ಲರಿಗೂ ಗೊತ್ತು. ಮೇಲೆ ಮರದ ಬಟ್ಟಲು, ಅದರ ತೂತುಗಳಿಂದ ಬಿದಿರಿನ ಕೊಳವೆಗಳು, ಕೆಳಗೆ ನೆಲ ಸೀಳುವ ತಾಳುಗಳು. ಎತ್ತು ಎಳೆಯುತ್ತಿದ್ದಂತೆ ಹಿಂದೆ ನಡೆಯುವ ಹೆಣ್ಣುಮಗಳು ಬಟ್ಟಲಿಗೆ ಬೀಜ ಬಿಡುತ್ತ ಹೋಗುತ್ತಾಳೆ. ಊರವರ ಕೂರಿಗೆಯಲ್ಲಿ ತಾಳುಗಳು ಹತ್ತಿರ ಹತ್ತಿರ. ಫಾರಮ್ಮಿನ ಕೂರಿಗೆಗೆ ಮೂರೇ ತಾಳು, ಸಾಲಿನಿಂದ ಸಾಲಿಗೆ ಒಂದೂವರೆ ಅಡಿ. ಹಿಂಗಾರಿ ಬಿಳಿಜೋಳವನ್ನು ಹೀಗೆ ಅಗಲ ಸಾಲಿನಲ್ಲಿ ಬಿತ್ತಿದರೆ ನೆಲದ ಹಸಿ ಕೊನೆಯವರೆಗೆ ಸಾಲುತ್ತದೆ, ನಡುವೆ ಕಳೆ ತೆಗೆಯುವ ಎಡೆಕುಂಟೆಯನ್ನೂ ಹೊಡೆಯಬಹುದು. ಇದನ್ನು ತೋರಿಸುವುದೇ ಆ ಹಂಗಾಮಿನಲ್ಲಿ ನನಗೆ ವಹಿಸಿದ ಕೆಲಸ. ಪ್ಲಾಟು ರಸ್ತೆಗೆ ಹತ್ತಿರ ಇರಬೇಕು, ಊರಲ್ಲಿ ಮಾತು ನಡೆಯುವ ರೈತನದಾಗಿರಬೇಕು ಎಂದು ಸೂಚನೆ ಇತ್ತು. ಹೋಗಿಬರುವವರ ಕಣ್ಣಿಗೆ ಬೀಳಲಿ ಎಂಬುದು ಅದರ ಉದ್ದೇಶ. ಹಾಗಾಗಿ ಊರಗೌಡರ ಹೊಲವನ್ನು ಗೊತ್ತು ಮಾಡಿದ್ದೆ.

ಗೌಡರು ಒಳ್ಳೆಯವರು. ಕೂರಿಗೆ ನೋಡಿದರು, ತಟ್ಟಿದರು, ಕೆಂಪು ಬಣ್ಣ ಚೆನ್ನಾಗಿದೆ ಎಂದರು. ಆಮೇಲೆ ಅದರ ಮೇಲೆ ಬರೆದಿದ್ದ ಸರ್ಕಾರಿ ನಂಬರನ್ನು ಬೆರಳಿನಿಂದ ಸವರಿ, “ಸಾಹೇಬ್ರ, ಇದನ್ನ ಯಾವ ಮನಿಯಿಂದ ತಂದೀರಿ?” ಎಂದು ಕೇಳಿದರು.

“ಮನಿಯಿಂದ ಅಲ್ರಿ, ಸ್ಟೋರಿನಿಂದ.”

“ಅದ ಕಷ್ಟ ನೋಡ್ರಿ. ತವರಮನಿ ಗೊತ್ತಿಲ್ಲದ ಸೊಸಿನ್ನ ಒಳಗ ಹೆಂಗ ಕರ್ಕೊಳೂದು?”

ಅಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಆದರೆ ಅದು ಬರೀ ನಗೆಯ ಮಾತಾಗಿರಲಿಲ್ಲ. ಆ ಊರಲ್ಲಿ ಕೂರಿಗೆಗೆ ಮರ ಕಡಿಯುವುದೂ ಒಳ್ಳೆಯ ವಾರ ನೋಡಿಯೇ. ಬಡಿಗರ ಅಂಗಳದಿಂದ ಹೊರಡುವಾಗ ಅದಕ್ಕೆ ಅರಿಸಿನ ಕುಂಕುಮ ಹಚ್ಚುತ್ತಾರೆ, ಮುತ್ತೈದೆಯರು ಅದನ್ನು ಮನೆತುಂಬಿಸಿಕೊಳ್ಳುತ್ತಾರೆ. ಅಲ್ಲಿಂದ ಮುಂದೆ ಅದರಲ್ಲಿ ಹೆಣ್ಣುದೇವರಿರುತ್ತಾಳೆ. ಬಟ್ಟಲಿಗೆ ಬೀಜ ಬಿಡುವ ಕೈ ಮುತ್ತೈದೆಯದೇ ಆಗಬೇಕು. ನಾನು ತೆಂಗಿನಕಾಯಿ ತಂದು ಪೂಜೆ ಮಾಡಿಸುತ್ತೇನೆಂದೆ. ಆಗಿಹೋದ ಲಗ್ನಕ್ಕೆ ಈಗ ಬಾಸಿಂಗ ಕಟ್ಟುವುದೇ ಎಂದರು. ಗೌಡರು ತಮ್ಮ ಹಳೆಯ ಕೂರಿಗೆಯನ್ನೇ ಹೂಡುವುದಾಗಿ ಹೇಳಿದರು. ನಮ್ಮದು ಮಂಚದ ಕೆಳಗೆ ಸೇರಿತು.

ಮಳೆಯ ಮರುದಿನ ನಾನು ಅದನ್ನು ಒಳಗೆ ತಳ್ಳಿ ಕೈ ಒರೆಸಿಕೊಳ್ಳುತ್ತಿದ್ದಾಗ ಬಾಗಿಲಲ್ಲಿ ಹುಸೇನಬಿ ನಿಂತಿದ್ದಳು. ಪಿಂಜಾರರ ಹೆಣ್ಣುಮಗಳು, ಮೂವತ್ತರ ಆಚೀಚೆ. ಅರಳೆ ಹಿಂಜುವುದು ಅವರ ಮನೆತನದ ಕಸುಬು. ಅದರ ಜೊತೆಗೆ ಹಳ್ಳದ ಆಚೆ ನಾಲ್ಕು ಎಕರೆ ಎರೆಹೊಲವಿತ್ತು. ಹಿಂದಿನ ವರ್ಷ ಗಂಡ ಸತ್ತಿದ್ದ. ಮನೆಯಲ್ಲಿ ಇಬ್ಬರು ಸಣ್ಣ ಹೆಣ್ಣುಮಕ್ಕಳು.

“ಬೀಜದ ಸಾಹೇಬ್ರ, ನಿಮ್ಮ ಮಂಚದ ಬುಡಕ ಮಲಗೈತಲ್ರಿ ಕೂರಿಗಿ, ಅದನ್ನ ಯಾರಿಗಾರ ಕೊಟ್ಟೀರೇನು?”

“ಇಲ್ಲವ್ವ. ಪೂಜಿ ಆಗಿಲ್ಲಂತ ಯಾರೂ ಒಯ್ಯವಲ್ರು.”

“ಪೂಜಿ ಆಗಿಲ್ಲಂತನ ಕೇಳಾಕ ಬಂದೀನ್ರಿ.”

ನನಗೆ ಒಮ್ಮೆಲೇ ತಿಳಿಯಲಿಲ್ಲ. ಅವಳು ಹೊಸ್ತಿಲಾಚೆ ಕೂತು ಬಿಡಿಸಿ ಹೇಳಿದಳು. ಅವಳ ಮೈದುನ ಇಮಾಮಸಾಬ ಅಣ್ಣನ ಹೊಲ ತಾನು ಉಳುತ್ತೇನೆಂದು ಕೇಳಿದ್ದ. ಗೌಡರೂ ಪಿಂಜಾರರ ಹಿರಿಯರೂ ಚಾವಡಿಯಲ್ಲಿ ಕೂತು ಒಂದು ಮಾತು ಕಟ್ಟಿದ್ದರು: ಈ ಹಿಂಗಾರಿಯನ್ನು ಹುಸೇನಬಿಯೇ ಬಿತ್ತಲಿ, ಹುಟ್ಟಿದರೆ ಹೊಲ ಅವಳದು ಮತ್ತು ಮಕ್ಕಳದು, ಬೀಳು ಬಿದ್ದರೆ ಇಮಾಮಸಾಬನದು. ಕೇಳುವುದಕ್ಕೆ ನ್ಯಾಯವಾಗಿಯೇ ಇತ್ತು. ಆದರೆ ಅವಳ ಮನೆಯಲ್ಲಿ ಕೂರಿಗೆ ಇಲ್ಲ. ಊರಲ್ಲಿ ಇದ್ದವೇ ಕೆಲವು, ಅವು ದೊಡ್ಡ ಹೊಲಗಳನ್ನು ಮುಗಿಸಿಕೊಂಡು ಸಣ್ಣ ಹೊಲಗಳಿಗೆ ಬರುವಷ್ಟರಲ್ಲಿ ಮೇಲಿನ ಹಸಿ ಆರಿರುತ್ತಿತ್ತು. ಎರೆಮಣ್ಣು ಮಳೆಯಾದ ಮೇಲೆ ಮೊದಲು ಕಾಲಿಗೆ ಮೆತ್ತುತ್ತದೆ, ಆಮೇಲೆ ಕೆಲವೇ ದಿನ ಹದದಲ್ಲಿ ಇರುತ್ತದೆ, ಆಮೇಲೆ ಬಿರುಕು ಬಿಡುತ್ತದೆ. ಬಿತ್ತುವವರಿಗೆ ಸಿಗುವುದು ನಡುವಿನ ಆ ಕೆಲವು ದಿನ. ಇನ್ನು, ಕೂರಿಗೆ ಸಿಕ್ಕರೂ ಬಟ್ಟಲಿಗೆ ಅವಳು ಕೈ ಹಾಕುವಂತಿರಲಿಲ್ಲ.

“ಗಂಡ ಸತ್ತಾಕಿ ಕೈ ಹಾಕಿದ್ರ ಕೂರಿಗ್ಯಾಗಿನ ದೇವ್ರು ಸಿಟ್ಟಾಗತಾಳಂತ್ರಿ. ನಮ್ಮ ಮಂದಿನೂ ಅದನ್ನ ನಡಸತಾರ. ಇದರಾಗ ದೇವ್ರ ಇಲ್ಲಂದ ಮ್ಯಾಲ ಸಿಟ್ಟಾಗಾಕ ಯಾರದಾರ್ರಿ?”

ನಾನು ಮಂಚದ ಕಡೆ ನೋಡಿದೆ. ಅವಳ ಹೊಲ ಹಳ್ಳದ ಆಚೆ, ದಿನ್ನೆಯ ಹಿಂದೆ. ರಸ್ತೆಯಲ್ಲಿ ಹೋಗುವ ಒಬ್ಬನಿಗೂ ಕಾಣುವುದಿಲ್ಲ. ಮೇಲಿನವರನ್ನು ಕೇಳಿ ಜವಾಬು ತರಿಸುವಷ್ಟರಲ್ಲಿ ಹದ ಹೋಗಿಬಿಡುತ್ತಿತ್ತು. “ಎತ್ತು?” ಎಂದೆ.

“ನಂದೊಂದು. ದುರಗಪ್ಪಂದೊಂದು.”

ದುರಗಪ್ಪ ಊರ ಹೊರಗಿನ ಕೇರಿಯವನು, ಮೂರು ಎಕರೆಯ ಒಕ್ಕಲು. ಊರ ಕೂರಿಗೆಗಳು ಆ ಕೇರಿಗೆ ಹೋಗುತ್ತಲೇ ಇರಲಿಲ್ಲ. ಅವನು ನೇಗಿಲ ಸಾಲಿನಲ್ಲಿ ಬೀಜ ಉದುರಿಸಿ ಬಿತ್ತುತ್ತಿದ್ದವನು. ತನ್ನ ಹೊಲಕ್ಕೂ ಕೂರಿಗೆ ಬರುವುದಾದರೆ ಎತ್ತೂ ಕೊಡುತ್ತೇನೆ, ತಾನೇ ಹೊಡೆಯುತ್ತೇನೆ ಎಂದಿದ್ದನಂತೆ. ಇಷ್ಟೆಲ್ಲ ಮಾತು ಮುಗಿಸಿಕೊಂಡೇ ಅವಳು ನನ್ನ ಬಾಗಿಲಿಗೆ ಬಂದಿದ್ದಳು.

ಕಾಲಿಗೆ ಮೆತ್ತುವುದು ನಿಂತ ದಿನ ಬೆಳಿಗ್ಗೆ ಕೂರಿಗೆಯನ್ನು ಹೊತ್ತುಕೊಂಡು ಹಳ್ಳ ದಾಟಿದೆವು. ಎತ್ತುಗಳಲ್ಲಿ ಒಂದು ಎತ್ತರ, ಒಂದು ಗಿಡ್ಡ. ನೊಗ ಒಂದು ಕಡೆಗೆ ವಾಲಿಕೊಂಡೇ ಇತ್ತು. ದುರಗಪ್ಪ ಹೊಡೆಯಲು ನಿಂತ. ಹುಸೇನಬಿ ಬೀಜದ ಉಡಿ ಕಟ್ಟಿಕೊಂಡು ಬಟ್ಟಲಿನ ಹಿಂದೆ ಬಂದಳು. ಬೆರಳುಗಳ ನಡುವಿನಿಂದ ಮೂರು ತೂತಿಗೂ ಸಮನಾಗಿ ಕಾಳು ಹಾಯಬೇಕು. ಚಿಕ್ಕವಳಿದ್ದಾಗ ತವರಿನಲ್ಲಿ ಮಾಡಿದ್ದಳಂತೆ. ಮೊದಲ ಸಾಲಿನಲ್ಲಿ ಒಂದು ತೂತಿಗೆ ಕಾಳು ಹೆಚ್ಚು ಹೋಯಿತು. ಎರಡನೆಯದರಲ್ಲಿ ಕೈ ಹದಕ್ಕೆ ಬಂತು.

ನಾನು ಅವಳ ಹಿಂದೆ. ಹಸಿ ಎರೆಮಣ್ಣು ತಾಳಿನ ಬಾಯಿಗೆ ಮೆತ್ತಿ ಕೊಳವೆ ಕಟ್ಟಿಕೊಳ್ಳುತ್ತದೆ. ಮೇಲೆ ಕಾಳು ಬೀಳುತ್ತಿರುವಂತೆ ಕಾಣುತ್ತದೆ, ಕೆಳಗೆ ಸಾಲು ಖಾಲಿ ಹೋಗುತ್ತದೆ. ಒಬ್ಬರು ಹಿಂದೆ ನಡೆದು ನೋಡುತ್ತಲೇ ಇರಬೇಕು. ನಾನು ಒಂದು ಕಡ್ಡಿ ಹಿಡಿದು ಅದೇ ಕೆಲಸ ಮಾಡಿದೆ.

ಬಿಸಿಲೇರುವ ಹೊತ್ತಿಗೆ ಬದುವಿನ ಮೇಲೆ ನಾಲ್ಕಾರು ಮಂದಿ ಸೇರಿದ್ದರು. ನನ್ನ ನೆರೆಯ ಸಿದ್ದಪ್ಪನೂ ಗಾಣ ಬಿಟ್ಟು ಬಂದಿದ್ದ.

“ಸಾಹೇಬ್ರ, ಸರ್ಕಾರಿ ಕೂರಿಗಿ ಅಂತೀರಿ, ಸಾಲು ಯಾಕ ಹಾವು ಹರದಂಗ ಹೋಗ್ಯಾವ?”

ನಾನು ಬಾಯಿ ತೆರೆಯುವ ಮೊದಲೇ ದುರಗಪ್ಪ ತಿರುಗಿ ನೋಡದೆ ಹೇಳಿದ: “ಎತ್ತು ಒಂದು ಉದ್ದ, ಒಂದು ಗಿಡ್ಡ ಅದಾವ್ರಿ. ನಿಮ್ಮ ಎತ್ತು ಗುಂಡಕ ತಿರಗತಾವ. ನಮ್ಮವು ಇಷ್ಟಾರ ಮುಂದ ಹೋಗತಾವ.”

ಬದುವಿನವರು ಸಿದ್ದಪ್ಪನನ್ನೇ ನೋಡಿ ನಕ್ಕರು. ಅವನು ಎಲೆಯಡಿಕೆ ಸಂಚಿ ಬಿಚ್ಚಿ ಕೂತ.

ಮಧ್ಯಾಹ್ನ ಇಮಾಮಸಾಬ ಬಂದ. ಕೆಟ್ಟ ಮನುಷ್ಯನಲ್ಲ. ಅವನಿಗೂ ನಾಲ್ಕು ಮಕ್ಕಳು, ಸಾಕಾಗದ ಹೊಲ. ಬದುವಿನ ಮೇಲೆ ಕೈಕಟ್ಟಿ ನಿಂತ.

“ಭಾಬಿ, ನೀನ ಕೈ ಹಾಕಿ ಬಿತ್ತಾಕತ್ತೀದಿ. ಹುಟ್ಟೂದಿಲ್ಲ ಇದು.”

“ಹುಟ್ಟಲಿಲ್ಲಂದ್ರ ನಿನಗ ಛಲೋ ಆತು. ನಿಂತು ನೋಡು.”

ಅವನು ನಿಂತೇ ನೋಡಿದ. ಮೂರನೆಯ ಸುತ್ತಿನಲ್ಲಿ ಕೂರಿಗೆ ಅವನ ಮುಂದೆ ಹಾಯುವಾಗ ಕೈ ಬಿಚ್ಚಿದ.

“ಸಾಹೇಬ್ರ, ಆ ಎಡಗಡಿ ಕೊಳವಿ ಕಟ್ಟೈತಿ ನೋಡ್ರಿ. ಎಲ್ಲಿ ನೋಡಾಕತ್ತೀರಿ ನೀವು?”

ನಾನು ಬಗ್ಗಿ ನೋಡಿದೆ. ಹೌದು, ಕಟ್ಟಿತ್ತು. ಕಡ್ಡಿಯಿಂದ ತಿವಿದು ಬಿಡಿಸಿದೆ. ಹುಸೇನಬಿ ಮೈದುನನ ಮುಖ ನೋಡಿದಳು. ಅವನು ಬೇರೆ ಕಡೆ ನೋಡುತ್ತ, “ಬಿತ್ತೂದು ಹಿಂಗ ಕೆಡೂದು ನೋಡಕೋಂತ ನಿಂದ್ರಾಕ ಆಗೂದಿಲ್ಲ ನನಗ” ಎಂದು, ಹೆಗಲ ಮೇಲಿನ ವಸ್ತ್ರ ಕೊಡವಿಕೊಂಡು ಹೊರಟುಹೋದ.

ಹೊತ್ತು ಇಳಿದಾಗ ಬದುವಿನ ಮಂದಿಯೂ ಕರಗಿದರು. ಎತ್ತಿನ ಉಸಿರು, ತಾಳು ಮಣ್ಣು ಸೀಳುವ ಸದ್ದು, ಮೂವರ ಹೆಜ್ಜೆ. ಅಷ್ಟೇ ಉಳಿಯಿತು. ಹುಸೇನಬಿ ಹಿಂದಿರುಗಿ ನೋಡದೆ ಕೇಳಿದಳು.

“ಸಾಹೇಬ್ರ, ನಿಮ್ಮ ಮನಿಯವ್ರು ಊರಾಗ ಅದಾರೇನ್ರಿ?”

“ಇಲ್ಲವ್ವ. ತೀರಿಕೊಂಡ್ರು. ಎರಡು ವರ್ಷಾತು.”

ಅವಳ ಕೈ ನಿಲ್ಲಲಿಲ್ಲ. ಸ್ವಲ್ಪ ದೂರ ಹೋದ ಮೇಲೆ ಮತ್ತೆ ಕೇಳಿದಳು.

“ನಿಮ್ಮ ಕೈಲಿಂದ ಬೀಜ ಇಸ್ಕೋಬಾರದು ಅಂತ ಯಾರಾರ ಅಂದಾರೇನ್ರಿ?”

“ಇಲ್ಲ.”

“ಗೌಡ್ರ ಮನ್ಯಾಗೂ ಅಂದಿಲ್ಲ?”

“ಯಾರೂ ಅಂದಿಲ್ಲವ್ವ.”

“ಹೂಂ” ಎಂದಳು. ಅದರಲ್ಲಿ ಸಿಟ್ಟಿರಲಿಲ್ಲ. ಒಂದು ಅಳತೆ ನೋಡಿ ಸರಿಯಿದೆ ಎಂದುಕೊಂಡವರ ಧ್ವನಿ ಅದು. ನನ್ನ ಕೈಯಲ್ಲಿ ಕಡ್ಡಿ ಇತ್ತು. ಎರಡು ವರ್ಷದಿಂದ ಆ ಕೈಗಳಿಂದಲೇ ತಳಕಲ್ಲಿನಿಂದ ಯಲಬುರ್ಗಾದವರೆಗೆ ಊರೂರಿಗೆ ಬೀಜ ಹಂಚಿದ್ದೆ. ಮುತ್ತೈದೆಯರು ಸೆರಗೊಡ್ಡಿ ತೆಗೆದುಕೊಂಡಿದ್ದರು. ಮನೆಯಲ್ಲಿ ಯಾರಿದ್ದಾರೆ ಎಂದು ಒಬ್ಬರೂ ಕೇಳಿರಲಿಲ್ಲ. ಕೇಳದೆ ಇದ್ದದ್ದರಿಂದ ನನಗೆ ಎಲ್ಲ ಮನೆಯ ಬಾಗಿಲೂ ತೆರೆದಿತ್ತು. ಕೇಳದೆ ಇದ್ದದ್ದರಿಂದಲೇ ಯಾರ ಮನೆಯಲ್ಲೂ ನಾನು ಕೂತಿರಲಿಲ್ಲ. ಇದನ್ನೆಲ್ಲ ಯೋಚಿಸುತ್ತ ಸಾಲಿನ ಕೊನೆಗೆ ಬಂದೆವು. ಎತ್ತು ತಿರುಗಿದವು.

ಹೊತ್ತು ಮುಳುಗುವ ಮುನ್ನ ಅವಳ ಹೊಲ ಮುಗಿಯಿತು. ಮರುದಿನ ದುರಗಪ್ಪನದು. ಅದರ ಮರುದಿನ ಬಾಗಿಲು ತೆಗೆದರೆ ಇನ್ನೂ ಮೂವರು ಒಂದೆತ್ತಿನ ಮನೆಯವರು ಹೊರಗೆ ಕೂತಿದ್ದರು. ಒಬ್ಬಳು ಗಂಡ ಬಿಟ್ಟವಳು. ಒಬ್ಬನ ಹೆಂಡತಿಗೆ ಮಕ್ಕಳಾಗಿಲ್ಲವೆಂದು ಬೀಜಕ್ಕೆ ಕೈ ಹಚ್ಚಗೊಡುತ್ತಿರಲಿಲ್ಲ. ಮೂರನೆಯವನು ದುರಗಪ್ಪನ ಕೇರಿಯವನು. ಊರು ಬೇಡವೆಂದ ಕೂರಿಗೆ, ಊರು ಬೇಡವೆಂದ ಕೈಗಳು. ಹದ ಇರುವವರೆಗೆ ಅದಕ್ಕೆ ಬಿಡುವಾಗಲಿಲ್ಲ.

ಆಮೇಲೆ ಕಾಯುವುದು. ಇಷ್ಟು ವರ್ಷ ಎಷ್ಟೋ ಪ್ಲಾಟುಗಳ ಮೊಳಕೆ ಕಾದಿದ್ದೇನೆ. ಇಳುವರಿ ಕಡಿಮೆ ಬಂದರೆ ಕಾರಣ ಬರೆಯಲು ಕಚೇರಿಯಲ್ಲಿ ಜಾಗವಿರುತ್ತದೆ. ಇಲ್ಲಿ ಅಂಥ ಜಾಗವಿರಲಿಲ್ಲ. ಪ್ರತಿ ಬೆಳಿಗ್ಗೆ ಹಳ್ಳದವರೆಗೆ ಹೋಗಿ, ದಾಟದೆ, ತಿರುಗಿ ಬರುತ್ತಿದ್ದೆ. ಒಂದು ವಾರ ಕಳೆದಿತ್ತು. ಸಿದ್ದಪ್ಪ ಗಾಣದ ಮನೆಯಿಂದ ಕೂಗಿದ: “ಸಾಹೇಬ್ರ, ನಿಮ್ಮ ಹಾವು ಹಸರಾಗ್ಯಾವಂತ, ನೋಡ್ಹೋಗ್ರಿ.”

ಹುಟ್ಟಿತ್ತು. ಮೂರು ಮೂರು ಸಾಲು ಜೊತೆಯಾಗಿ, ವಾಲಿದ ನೊಗದಂತೆಯೇ ವಾರೆಯಾಗಿ, ಬದುವಿನಿಂದ ಬದುವಿಗೆ. ಸಂಜೆ ಗೌಡರೂ ಹಿರಿಯರೂ ಬಂದು ನಿಂತರು. ಗೌಡರು ಒಂದು ಮೊಳಕೆಯ ಬುಡ ಕೆದಕಿ ಬೇರು ನೋಡಿದರು. “ಬಿತ್ಯಾಳ, ಹುಟ್ಟೈತಿ. ಆತಲ್ಲ, ಹೊಲ ಆಕೀದ” ಎಂದರು. ಇಮಾಮಸಾಬನ ಕಡೆ ಎಲ್ಲರೂ ತಿರುಗಿದರು. “ಹುಟ್ಟೈತಲ್ರಿ” ಎಂದ ಅವನು. ಒಂದು ಗಳಿಗೆ ಬಿಟ್ಟು, “ಆದ್ರ ಅಲ್ಲೊಂದು ಸಾಲು ಖಾಲಿ ಹೋಗೈತಿ” ಎಂದು ಬೆರಳು ಮಾಡಿದ.

ಹಳ್ಳದ ಕಡೆಯ ಅಂಚಿನಲ್ಲಿ, ಹೊಲದ ಉದ್ದಕ್ಕೂ, ನಡುವಿನ ಒಂದು ಸಾಲು ಬೋಳು. ಅದು ನನ್ನ ಮನೆಯಾಕೆಯ ಮಾತು ಬಂದಾಗ ನಾನು ಕೊಳವೆ ನೋಡದೆ ನಡೆದ ಸಾಲೆಂದು ನನಗೆ ನೋಡಿದ ಕೂಡಲೇ ತಿಳಿಯಿತು. ಹುಸೇನಬಿಗೂ ತಿಳಿಯಿತು.

ಕೆಲವು ದಿನದ ಮೇಲೆ ಮೇಲಧಿಕಾರಿಗಳು ರೈಲಿನಲ್ಲಿ ಬಂದಿಳಿದರು. ಹಳ್ಳ ದಾಟಿಸಿ ಕರೆದೊಯ್ದೆ. ಬೂಟಿನ ಮಣ್ಣು ಕೆರೆದುಕೊಳ್ಳುತ್ತ ಕೇಳಿದರು: “ಪೈರು ಚೆನ್ನಾಗಿದೆ. ಆದರೆ ರಸ್ತೆಯಿಂದ ಕಾಣುವುದಿಲ್ಲವಲ್ಲ. ಯಾರು ನೋಡಿದ ಹಾಗಾಯಿತು?”

“ಬೇಕಾದವರು ಬಂದು ನೋಡಿದರು ಸರ್. ಐದು ಹೊಲ ಬಿತ್ತನೆಯಾಗಿದೆ.”

ಐದೂ ಹೊಲ ನೋಡಿದರು. ಬೈಯಲಿಲ್ಲ, ಹೊಗಳಲೂ ಇಲ್ಲ. ಕುಷ್ಟಗಿಯಲ್ಲಿ ಕೂರಿಗೆ ಬೇಕೆಂದು ಕೇಳುತ್ತಿದ್ದಾರೆ, ತಿಂಗಳೊಳಗೆ ಕಳಿಸಿಬಿಡಿ ಎಂದು ಹೇಳಿ ಹೋದರು.

ಅದನ್ನು ಕೇಳಿ ಐದು ಮನೆಯವರೂ ಬಡಿಗರ ಕಾಳಪ್ಪನ ಅಂಗಳಕ್ಕೆ ಹೋದರು. ಅಂಥದೇ ಒಂದನ್ನು ಮಾಡಿಕೊಡು ಎಂದರು. ನಾನು ನಮ್ಮ ಕೂರಿಗೆಯನ್ನು ಅಳತೆಗೆ ಕೊಟ್ಟೆ. ಕಾಳಪ್ಪ ಅಚ್ಚುಕಟ್ಟಾಗಿ ಮಾಡಿದ. ಒಯ್ಯುವ ದಿನ ಕುಂಕುಮದ ಬಟ್ಟಲು ತಂದ. ದುರಗಪ್ಪ ಅಡ್ಡ ಕೈ ಹಿಡಿದ.

“ಹಚ್ಚಬ್ಯಾಡ ಮಾರಾಯ. ಹಚ್ಚಿದಿ ಅಂದ್ರ ನಾಳಿ ನಮಗ ಮುಟ್ಟಗೊಡಂಗಿಲ್ಲ.”

“ಕುಂಕುಮ ಇಲ್ಲದ ನನ್ನ ಅಂಗಳದಿಂದ ಕೂರಿಗಿ ಹೊರಗ ಹೋಗಿಲ್ಲ. ನನ್ನ ಕಸಬಿಗೆ ಏನಾರ ಆದ್ರ?”

“ಹಂಗಾರ ನಿನ್ನ ಉಳಿಗೆ ಹಚ್ಚು ಕಾಳಪ್ಪಣ್ಣ” ಎಂದಳು ಹುಸೇನಬಿ. “ಕಸಬು ನಿನ್ನ ಕೈಯಾಗಿನ ಉಳ್ಯಾಗ ಐತಿ. ಕೂರಿಗಿ ನಮ್ಮ ಪಾಡಿಗೆ ಬಿಡು.”

ಕಾಳಪ್ಪ ಯೋಚಿಸಿ, ಉಳಿಗೆ ಕುಂಕುಮ ಹಚ್ಚಿದ. ಇದಾಗಿ ಹತ್ತು ವರ್ಷದ ಮೇಲಾಯಿತು. ನಾನೀಗ ಕೊಪ್ಪಳದಲ್ಲಿದ್ದೇನೆ. ಮೊನ್ನೆ ಆ ಕಡೆ ಹೋದಾಗ ನೋಡಿದೆ, ಆ ಕೂರಿಗೆ ಇನ್ನೂ ಇದೆ. ಒಂದು ತಾಳು ಬದಲಾಗಿದೆ. ಕುಂಕುಮ ಹತ್ತಿಲ್ಲ.

ಒಳ್ಳೆಯದನ್ನು ತೋರಿಸಿದರೆ ಸಾಕು, ಜನ ನೋಡಿ ಕಲಿಯುತ್ತಾರೆ ಎಂದು ನಮ್ಮ ನೌಕರಿಯಲ್ಲಿ ನಂಬಿದ್ದೆವು. ಹೊಸ ಸಾಧನ ತಂದಾಗ ಅದು ಎಷ್ಟು ಎಕರೆ ಬಿತ್ತುತ್ತದೆ ಎಂದು ಮೊದಲು ಹೇಳುತ್ತಿದ್ದೆ. ಈಗ ಮೊದಲು ಕೇಳುವುದು, ಈ ಊರಲ್ಲಿ ಇದನ್ನು ಮುಟ್ಟಬಾರದವರು ಯಾರು ಎಂದು. ಉತ್ತರ ಬಂದ ಮೇಲೆ ಆ ಮನೆಗಳಿಗೆ ಮೊದಲು ಹೋಗುತ್ತೇನೆ. ಈ ನೌಕರಿ ನನಗೆ ಕಲಿಸಿದ್ದರಲ್ಲಿ ಉಪಯೋಗಕ್ಕೆ ಬಂದದ್ದು ಇದು.

ಆ ವರ್ಷ ಕುಷ್ಟಗಿಯ ಗಾಡಿ ಬಂದು ನಮ್ಮ ಕೂರಿಗೆಯನ್ನು ಒಯ್ದ ದಿನ ಸಂಜೆ ಹುಸೇನಬಿ ಬಾಗಿಲಿಗೆ ಬಂದಳು. ಉಡಿಯಲ್ಲಿ ಎಳೆ ಕುಸುಬೆ ಸೊಪ್ಪು.

“ಖಾಲಿ ಸಾಲು ಬಿಡಬಾರದಂತ ಕುಸುಬಿ ಊರಿದ್ನಿರಿ. ಅದರದ ಇದು. ಅದು ಸಾಹೇಬ್ರ ಮನಿಯವರ ಸಾಲು ಅಂತ ಹುಡುಗ್ಯಾರಿಗೆ ಹೇಳೀನಿ.” ಹೊಸ್ತಿಲ ಮೇಲೆ ಸೊಪ್ಪು ಇಟ್ಟು ಕೇಳಿದಳು, “ಹೆಸರೇನಿತ್ರಿ ಅವರದು?”

“ಅಂಬಕ್ಕ” ಎಂದೆ. ಬಹಳ ದಿನದ ಮೇಲೆ ಬಾಯಿಂದ ಬಂದ ಹೆಸರು, ನನ್ನ ಕಿವಿಗೇ ಬೇರೆಯಾಗಿ ಕೇಳಿಸಿತು.

ಅವಳು ಹೋದ ಮೇಲೆ ಸೊಪ್ಪು ಸೋಸಿ, ಹೆಸರುಬೇಳೆ ಬೆಳ್ಳುಳ್ಳಿ ಹಾಕಿ ಪಲ್ಯ ಮಾಡಿದೆ. ಎರಡು ರೊಟ್ಟಿ, ಆ ಪಲ್ಯ, ಒಂದು ಲೋಟ ಮಜ್ಜಿಗೆ. ಪಲ್ಯ ಇಬ್ಬರಿಗಾಗುವಷ್ಟು ಆಗಿತ್ತು, ಅರ್ಧವನ್ನು ಸಿದ್ದಪ್ಪನ ಮನೆಗೆ ಕೊಟ್ಟು ಬಂದೆ. ಮಂಚದ ಕೆಳಗೆ ಗುಡಿಸಿದೆ, ಅಲ್ಲಿ ಏನೂ ಇರಲಿಲ್ಲ. ಗೋಡೆಯಾಚೆ ಗಾಣ ನಿಂತಿತು. ಮೊದಲು ಗಾಣದ ಎತ್ತು ಮಲಗಿತು. ಅದರ ಉಸಿರು ಕೇಳುತ್ತ ಕೇಳುತ್ತ, ಆಮೇಲೆ ನಾನು.